ಎಂಟು ದಿನದ ಮೇವು

ಪಾಲಂಪುರ
೧೯ ಮೇ ೧೯೯೬

ದೊಡ್ಡಪ್ಪಾ,

ನಿಮ್ಮ ಕಾಲು ಮುಟ್ಟಿ ಶುರುಮಾಡುತ್ತೇನೆ. ಮಂಡಿನೋವಿಗೆ ಕಳಿಸಿದ ಎಣ್ಣೆಯನ್ನು ನೀವು ಹಚ್ಚಿಕೊಳ್ಳುತ್ತಿದ್ದೀರೋ, ನಾಯಿಗೆ ಹಚ್ಚುತ್ತಿದ್ದೀರೋ? ಹೋದ ವರ್ಷದ್ದು ನಾಯಿಗೆ ಹೋಯಿತೆಂದು, ಮಂದೆ ಹೊಡೆದುಕೊಂಡು ಈ ಕಡೆ ಬಂದಿದ್ದ ಫುಲ್ಲೂ ಹೇಳಿದ.

ಸುದ್ದಿ ಏನೆಂದರೆ, ಜೂನ್ ಇಪ್ಪತ್ತಮೂರರ ಭಾನುವಾರ ನಾನು ನಮ್ಮ ಜೋತ್ ಹತ್ತುತ್ತೇನೆ. ಎರಡು ಶಿಖರಗಳ ನಡುವೆ ಮಂದೆಗಳು ದಾಟುವ ಆ ಹಿಮದ ಬಾಯಿಯವರೆಗೆ ಹೋಗಿ, ಅದೇ ದಿನ ಇಳಿದುಬರುತ್ತೇನೆ. ಜೊತೆಗೆ ನಮ್ಮ ಶಾಲೆಯ ಇಬ್ಬರು ಮೇಷ್ಟ್ರುಗಳು, ಲೆಕ್ಕದ ಸರ್ವೇಶ್ ಮತ್ತು ಹಿಂದಿ ಹೇಳಿಕೊಡುವ ಕಾಂತಾ. ಶುಕ್ರವಾರ ಬಸ್ಸು, ಶನಿವಾರ ಮೇಲಿನ ಹುಲ್ಲುಗಾವಲು, ಭಾನುವಾರ ಜೋತ್, ಸೋಮವಾರ ರಾತ್ರಿಯೊಳಗೆ ಪಾಲಂಪುರ. ಈಗ ಜೀಪಿನ ದಾರಿ ಎಷ್ಟು ಮೇಲಕ್ಕೆ ಬಂದಿದೆ ನೋಡಿ!

ಅಪ್ಪ ಹೋಗಿ ಇಪ್ಪತ್ತೆರಡು ವರ್ಷ. ಅವನ ಮೇಲೆ ಕಲ್ಲು ಉರುಳಿದ ಜಾಗದಲ್ಲಿ, ನೀವು ಪೇರಿಸಿದ ಕಲ್ಲುಗುಪ್ಪೆಗೆ ಒಂದು ಬಾವುಟ ಕಟ್ಟಬೇಕು. ಅಮ್ಮ ಇರುವಾಗ ಅವಳ ಕೈಯಲ್ಲಿ ಆಗಲಿಲ್ಲ. ನನ್ನ ಕೈಯಲ್ಲಾದರೂ ಆಗಲಿ.

ಎರಡು ಬೇಡಿಕೆ. ಏನೇನು ಸಿದ್ಧ ಮಾಡಿಕೊಳ್ಳಬೇಕು, ಬರೆದು ಕಳಿಸಿ. ಇನ್ನೊಂದು, ಅಪ್ಪನ ಡೋರಾ. ಅವನ ಸೊಂಟಕ್ಕೆ ಹದಿನಾರು ಸುತ್ತು ಬರುತ್ತಿದ್ದ ಆ ಕಪ್ಪು ಉಣ್ಣೆಹಗ್ಗ ನಿಮ್ಮ ಪೆಟ್ಟಿಗೆಯಲ್ಲಿದೆಯೆಂದು ನನಗೆ ಗೊತ್ತು. ಅದನ್ನು ಸುತ್ತಿಕೊಂಡೇ ಹತ್ತುತ್ತೇನೆ.

ನಿಮ್ಮ ಜಿಂದೋ


ಬನೇರಿ, ಭರ್ಮೌರ್ ಮೇಲ್ಕಣಿವೆ
೨೮ ಮೇ ೧೯೯೬

ಜಿಂದೋ ಮಗಳೇ,

ನಿನ್ನ ಕಾಗದ ಓದುತ್ತ ಹುಕ್ಕಾದ ಕೆಂಡ ಆರಿಹೋಯಿತು. ಎಣ್ಣೆಯ ಮಾತು ನಿಜ, ನಾಯಿಗೂ ಮಂಡಿ ನೋವು. ಉಳಿದ ಮಾತಿಗೆ ನನ್ನ ಉತ್ತರ ಒಂದೇ. ಬೇಡ.

ಶುಕ್ರವಾರ ಅದು, ಶನಿವಾರ ಇದು, ಭಾನುವಾರ ಜೋತ್! ಇದೇನು ನಿನ್ನ ಶಾಲೆಯ ಗೋಡೆಗೆ ಅಂಟಿಸಿದ ವೇಳಾಪಟ್ಟಿಯೇ? ಗಂಟೆ ಹೊಡೆದರೆ ಹಿಮ ಎದ್ದು ನಿಂತು "ನಮಸ್ತೆ ಟೀಚರ್" ಅನ್ನುತ್ತದೆಯೇ? ನಾನು ಅಕ್ಷರ ಕಲಿತದ್ದು ಕುರಿಯ ಔಷಧದ ಡಬ್ಬಿಗಳನ್ನು ನೋಡಿ, ಮೂವತ್ತು ದಾಟಿದ ಮೇಲೆ. ನೀನು ಕಲಿತದ್ದು ಕಾಲೇಜಿನಲ್ಲಿ. ಅಷ್ಟು ಕಲಿತೂ ಜೋತ್ ಅಂದರೆ ಏನೆಂದು ಗೊತ್ತಾಗಲಿಲ್ಲವಲ್ಲ, ಅದಕ್ಕೆ ಸಿಟ್ಟು.

ಕೇಳಿದ್ದೀಯ ಅಂತ ಬರೆಯುತ್ತೇನೆ, ಒಪ್ಪಿದ್ದೇನೆ ಅಂತಲ್ಲ. ಬೆಳಕು ಹರಿಯುವ ಎರಡು ಗಂಟೆ ಮುಂಚೆ ಹೊರಡಬೇಕು, ಆಗ ಹಿಮ ಗಟ್ಟಿಯಿರುತ್ತದೆ. ಬಿಸಿಲೇರಿದ ಮೇಲೆ ತೊಡೆಯವರೆಗೆ ನುಂಗುತ್ತದೆ. ತೊರೆಯ ಮೇಲೆ ಹಿಮ ಸೇತುವೆ ಕಟ್ಟಿರುತ್ತದೆ, ಕೋಲಿನಿಂದ ಕುಟ್ಟದೆ ಕಾಲಿಡಬಾರದು. ಕಣ್ಣಿಗೆ ಕಪ್ಪು ಕನ್ನಡಕ, ಇಲ್ಲವಾದರೆ ಸಂಜೆಗೆ ಕಣ್ಣಲ್ಲಿ ಮರಳು ಸುರಿದ ಹಾಗಾಗುತ್ತದೆ. ಮೈಗೆ ಉಣ್ಣೆ. ಹತ್ತಿಬಟ್ಟೆ ಬೆವರು ಕುಡಿದು ನಿನ್ನನ್ನೇ ತಣ್ಣಗೆ ಮಾಡುತ್ತದೆ. ಬಾಯಾರದಿದ್ದರೂ ನೀರು ಕುಡಿಯುತ್ತಿರಬೇಕು. ಸೂರ್ಯ ನೆತ್ತಿಗೆ ಬಂದಾಗ ಎಲ್ಲಿದ್ದೀಯೋ ಅಲ್ಲಿಂದ ತಿರುಗಬೇಕು, ತುದಿ ನಾಲ್ಕೇ ಹೆಜ್ಜೆ ಇದ್ದರೂ ಸರಿ.

ಎಲ್ಲಕ್ಕಿಂತ ಮೊದಲು ಹುಲ್ಲುಗಾವಲಿನಲ್ಲಿ ಎಂಟು ದಿನ ಕೂರಬೇಕು. ಕುರಿ ಮೇಯಬೇಕು. ನಮ್ಮ ಅಜ್ಜನ ಕಾಲದಿಂದ ಬಂದದ್ದು, ತಪ್ಪಿಸಿದವರಿಲ್ಲ. ನಿನಗೆ ಎಂಟು ದಿನವಿಲ್ಲ, ಆದ್ದರಿಂದ ನಿನಗೆ ಜೋತ್ ಇಲ್ಲ.

ಡೋರಾ ಕೊಡುವುದಿಲ್ಲ.

ದೊಡ್ಡಪ್ಪ ರಸಾಲು


ಪಾಲಂಪುರ
೪ ಜೂನ್ ೧೯೯೬

ದೊಡ್ಡಪ್ಪನವರಿಗೆ,

ನಿಮ್ಮ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಜೋರಾಗಿ ಓದಿದೆ. ಓದಬಾರದಿತ್ತು. ಸರ್ವೇಶ್ ಬೆಂಚು ಬಡಿದು ನಕ್ಕ. "ಮೇಡಂ, ನಮ್ಮತ್ರ ಕುರಿ ಇಲ್ವಲ್ಲ, ಎಂಟು ದಿನ ಯಾರು ಮೇಯ್ಬೇಕು? ಕಾಂತಾ ಮೇಡಂನ ಬಿಡೋಣ್ವಾ?" ಕಾಂತಾ ಬಿಡುವವಳಲ್ಲ. "ನಿನ್ ಹೊಟ್ಟೆ ನೋಡಿದ್ರೆ ಎಂಟು ದಿನ ಮೇಯ್ದು ಬಂದಿರೋನು ನೀನೇ" ಎಂದಳು. ನಾನೂ ನಕ್ಕೆ. ಮನೆಗೆ ಬಂದು ಅತ್ತೆ.

ನಿಜ ಹೇಳಿ ದೊಡ್ಡಪ್ಪ, ನಾನು ಗಂಡುಮಗನಾಗಿದ್ದರೆ ಡೋರಾ ಕೊಡುತ್ತಿರಲಿಲ್ಲವೇ? ಒಂಬತ್ತು ವರ್ಷದವಳಿದ್ದಾಗ ನಿಮ್ಮ ಮಂದೆಯ ಜೊತೆ ಇದೇ ಜೋತ್ ದಾಟಿದವಳು ನಾನು. ಅದೂ ಒಂದೇ ದಿನದಲ್ಲಿ. ಕೊನೆಯ ಏರಿನಲ್ಲಿ ಮಾತ್ರ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡ. ತಲೆನೋವಿಲ್ಲ, ಆಯಾಸವಿಲ್ಲ. ಮಗುವಿನ ಕೈಯಲ್ಲಿ ಆದದ್ದು ಮೂವತ್ಮೂರರಲ್ಲಿ ಆಗುವುದಿಲ್ಲವೇ?

ಸುಮ್ಮನೆ ಹೊರಟಿಲ್ಲ ನಾವು. ಒಂದು ತಿಂಗಳಿಂದ ದಿನವೂ ಶಾಲೆ ಬಿಟ್ಟ ಮೇಲೆ ಚೀಲಕ್ಕೆ ಆರಾರು ಇಟ್ಟಿಗೆ ತುಂಬಿ ದೇವಸ್ಥಾನದ ಮೆಟ್ಟಿಲು ಹತ್ತಿಳಿಯುತ್ತಿದ್ದೇವೆ. ಕಲ್ಲು ಬೀಳುವ ಜಾಗಕ್ಕೆಂದು ಮೂರು ಹೆಲ್ಮೆಟ್ ತಂದಿದ್ದೇವೆ. ಅಪ್ಪನಿಗೆ ಯಾರೂ ಹೆಲ್ಮೆಟ್ ಕೊಡಲಿಲ್ಲ. ಎಂಟು ದಿನ ಕೂತವನ ತಲೆಯ ಮೇಲೂ ಕಲ್ಲು ಬೀಳುತ್ತದಲ್ಲವೇ? ಬಿತ್ತಲ್ಲ!

ನಾನು ಬರುತ್ತೇನೆ.

ಜಿಂದೋ


ಬನೇರಿ
೧೧ ಜೂನ್ ೧೯೯೬

ಜಿಂದೋ,

ಬರುವುದಾದರೆ ಬಾ. ನನ್ನ ಮನೆಯ ಮುಂದೆ ಹಾಯಬೇಡ. ಗಂಡೋ ಹೆಣ್ಣೋ ಎಂದು ಜೋತ್ ಕೇಳುವುದಿಲ್ಲ, ನಾನೂ ಕೇಳಿಲ್ಲ. ಆ ಮಾತನ್ನು ನೀನು ವಾಪಸು ತೆಗೆದುಕೊಳ್ಳುವವರೆಗೆ ನನ್ನಿಂದ ಕಾಗದವಿಲ್ಲ.

ರಸಾಲು ರಾಮ್


ಬನೇರಿ
೧೭ ಜೂನ್ ೧೯೯೬

ಮಗಳೇ,

ಕಾಗದವಿಲ್ಲ ಎಂದವನು ಆರು ದಿನಕ್ಕೆ ಮತ್ತೆ ಕೂತಿದ್ದೇನೆ. ಅಂಚೆಗೆ ಹಾಕಿದರೆ ನಿನಗೆ ಸಿಗುವ ಹೊತ್ತಿಗೆ ನೀನು ಹೊರಟಿರುತ್ತೀಯ. ಅದಕ್ಕೇ ಫುಲ್ಲೂನ ಕೈಯಲ್ಲಿ ಕೊಡುತ್ತಿದ್ದೇನೆ. ಅವನ ಮಂದೆ ಹುಲ್ಲುಗಾವಲಿಗೆ ಹೊರಟಿದೆ, ಶನಿವಾರ ನಿನ್ನನ್ನು ಅಲ್ಲಿ ಹುಡುಕುತ್ತಾನೆ. ಗಂಟು ನೋಡಿ, "ಏನಣ್ಣಾ, ಹಗ್ಗ ಕಳಿಸ್ತಿದ್ದೀಯ, ಟೀಚರಮ್ಮನ್ನ ಕಟ್ಟಿ ಎಳ್ಕೊಂಡ್ ಬರ್ಲಾ?" ಎಂದ. ಕೈಲಾದರೆ ಹಾಗೇ ಮಾಡು ಎಂದೆ.

ಡೋರಾ ಕಳಿಸಿದ್ದೇನೆ. ಅದರ ಜೊತೆ ಇನ್ನೊಂದನ್ನೂ ಕಳಿಸುತ್ತಿದ್ದೇನೆ, ಅದು ನನ್ನ ಎದೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದೆ. ಕೂತು ಓದು.

ನಿನ್ನ ಅಪ್ಪನ ಮೇಲೆ ಕಲ್ಲು ಬೀಳಲಿಲ್ಲ.

ಆ ವರ್ಷ ನಿನ್ನ ಅಮ್ಮನಿಗೆ ಜ್ವರ. ನಿನ್ನ ಅಪ್ಪ ನೋಖು ಕೆಳಗೆ ಉಳಿದ, ನಾನು ಮಂದೆ ಹೊಡೆದುಕೊಂಡು ಮೇಲೆ ಹೋದೆ. ಅವಳು ಎದ್ದು ಓಡಾಡುವ ಹಾಗಾದ ಮೇಲೆ ಅವನು ಲಾರಿ ಹತ್ತಿ, ಓಡೋಡಿ ನಡೆದು, ಏಳನೇ ದಿನದ ಸಂಜೆ ಹುಲ್ಲುಗಾವಲಿಗೆ ಬಂದ. ಎಂಟನೇ ದಿನ ಹಣೆ ಹಿಡಿದುಕೊಂಡು ಕೂತಿದ್ದ. ಜೋಳದ ರೊಟ್ಟಿ ಮುಟ್ಟಲಿಲ್ಲ, ನಾಯಿಗೆ ಹಾಕಿದ. ಒಂಬತ್ತನೇ ದಿನ ಬೆಳಗ್ಗೆ ಕೇಳಿದ. "ಅಣ್ಣಾ, ಇನ್ನೆರಡು ದಿನ ಕೂರೋಣ್ವಾ?"

ಪಕ್ಕದ ಊರಿನ ಮಂದೆ ಹಿಂದಿನ ಸಂಜೆಯೇ ನಮ್ಮನ್ನು ದಾಟಿ ಮೇಲೆ ಬೀಡುಬಿಟ್ಟಿತ್ತು. ಆಚೆ ಮಗ್ಗುಲಿನ ಒಳ್ಳೆ ಹುಲ್ಲನ್ನು ಅವರೇ ಮೊದಲು ತಿಂದುಬಿಡುತ್ತಾರೆಂದು ನನಗೆ ಉರಿ. "ಕುರಿಗಳದ್ದು ಎಂಟು ದಿನ ಆಯ್ತಲ್ಲೋ. ಮೇಯ್ಬೇಕಾದ್ದು ಕುರಿ, ನೀನಲ್ಲ" ಎಂದೆ. ಅವನು ನಕ್ಕ. ನಕ್ಕು ಡೋರಾ ಸುತ್ತಿಕೊಂಡ.

ಈಗ ಗೊತ್ತಾಯಿತೇ? ಆ ಎಂಟು ದಿನ ಕುರಿಯದ್ದಲ್ಲ, ನಮ್ಮದು. ಅಷ್ಟು ಮೇಲೆ ಗಾಳಿ ತೆಳ್ಳಗಾಗುತ್ತದೆ, ರಕ್ತಕ್ಕೆ ಅದು ರೂಢಿಯಾಗಬೇಕು. ಹಗಲು ಮಂದೆಯ ಹಿಂದೆ ಮೇಲಕ್ಕೆ ಹತ್ತಿ, ಸಂಜೆ ಇಳಿದು ಕೆಳಗೆ ಮಲಗಿ, ಹೀಗೆ ದಿನಕ್ಕಿಷ್ಟು ರೂಢಿ. ಆದರೆ ಜೋತ್‌ನ ಎದುರಿಗೆ ಕೂತು "ನಿನಗೆ ಹೆದರಿ ಕಾಯುತ್ತಿದ್ದೇವೆ" ಎಂದು ಬಾಯಿಬಿಡಬಾರದು, ಅದು ಕೇಳಿಸಿಕೊಳ್ಳುತ್ತದೆ ಎನ್ನುತ್ತಿದ್ದರು ನಮ್ಮ ಹಿರಿಯರು. ಅದಕ್ಕೇ ಕುರಿ ಮೇಯುತ್ತಿವೆ ಅನ್ನುವುದು. ಜೋತ್‌ಗೆ ಹೇಳಿದ ಸುಳ್ಳನ್ನು ಹೇಳಿ ಹೇಳಿ ನಾವೇ ನಂಬಿದೆವು. ನಾನು ಕುರಿಗಳ ದಿನ ಎಣಿಸಿದೆ, ತಮ್ಮನ ದಿನ ಎಣಿಸಲಿಲ್ಲ. ಒಂಬತ್ತು ವರ್ಷದವಳಾಗಿ ನೀನು ದಾಟಿದ್ದು ಒಂದು ದಿನದಲ್ಲಲ್ಲ. ಒಂಬತ್ತು ದಿನದಲ್ಲಿ.

ಹಿಮದ ಮೇಲೆ ಅವನು ಅಡ್ಡಾದಿಡ್ಡಿ ನಡೆಯತೊಡಗಿದ. "ಬೆಳಿಗ್ಗೇನೇ ಏನ್ ಕುಡ್ದೆಯೋ?" ಎಂದು ನಾನು ತಮಾಷೆ ಮಾಡಿದೆ. ತಮಾಷೆ ಮಾಡಿದೆ, ಮಗಳೇ. ಆಮೇಲೆ ಕೆಮ್ಮು. ಆಮೇಲೆ ಅವನ ಎದೆಯೊಳಗೆ ಹುಕ್ಕಾದ ನೀರು ಗುಳುಗುಳು ಅನ್ನುವ ಸದ್ದು. ಆಗಲಾದರೂ ಎತ್ತಿಕೊಂಡು ಕೆಳಗೆ ಓಡಿದ್ದರೆ ಬದುಕುತ್ತಿದ್ದನೋ ಏನೋ. "ತುದಿ ಇಲ್ಲೇ ಇದೆ, ದಾಟಿ ಆಚೆ ಮಲಗು" ಎಂದೆ. ತುದಿಗೆ ಇನ್ನೂರು ಹೆಜ್ಜೆ ಕೆಳಗೆ ಕೂತ. ಮತ್ತೆ ಏಳಲಿಲ್ಲ.

ರಸಾಲು ಹುಲ್ಲಿನಾಸೆಗೆ ತಮ್ಮನನ್ನು ಅಟ್ಟಿ ಕೊಂದ ಎಂದು ಜನ ಅಂದಾರು ಎಂಬ ಹೆದರಿಕೆ ನನಗೆ. ಕಲ್ಲು ಬಿತ್ತು ಎಂದೆ. ಕಲ್ಲು ಎದುರು ಮಾತಾಡುವುದಿಲ್ಲ.

ಸಿಟ್ಟು ಮಾಡಿಕೋ. ಆದರೆ ಇದನ್ನು ಕೇಳು. ಇಷ್ಟು ಓದಿಯೂ ಹತ್ತಿದರೆ, ಯಾರಿಗೆ ತಲೆ ಸಿಡಿದರೂ, ಊಟ ಸೇರದಿದ್ದರೂ, ವಾಂತಿಯಾದರೂ ಮೇಲಕ್ಕೆ ಹೋಗಬೇಡಿ. ಅನುಮಾನ ಬಂದರೆ ಡೋರಾ ಬಿಚ್ಚಿ ಚಪ್ಪಟೆ ಜಾಗದಲ್ಲಿ ನೆಟ್ಟಗೆ ಹಾಸು. ಒಬ್ಬೊಬ್ಬರೂ ಅದರ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲಿ. ಹಗ್ಗದ ಮೇಲೆ ನಡೆಯಲಾರದವರು ಆ ಗಳಿಗೆಯಲ್ಲೇ ಇಳಿಯಬೇಕು, ಒಬ್ಬರೇ ಅಲ್ಲ, ಎಲ್ಲರೂ. ಸ್ವಲ್ಪ ಕೂತು ನೋಡೋಣ ಅನ್ನಬೇಡಿ. ಕೂತವನನ್ನು ನಾನು ನೋಡಿದ್ದೇನೆ.

ರಸಾಲು


ಪಾಲಂಪುರ
೨೬ ಜೂನ್ ೧೯೯೬

ರಸಾಲು ರಾಮ್ ಅವರಿಗೆ,

ಫುಲ್ಲೂ ಶನಿವಾರ ಸಂಜೆ ಸಿಕ್ಕಿದ. ಗಂಟು ಕೊಟ್ಟ. ಬಿಸಿಲು ಇನ್ನೂ ಇತ್ತು, ಬಂಡೆಯ ಮೇಲೆ ಕೂತು ಓದಿದೆ.

ನೀವು ಹತ್ತಬೇಡ ಎಂದು ಬರೆದಿರಿ. ಅದನ್ನು ಓದಿಯೇ ನಾನು ಹತ್ತಿದ್ದು. ಇಪ್ಪತ್ತೆರಡು ವರ್ಷ ಸುಳ್ಳು ಹೇಳಿದವರ ಮಾತನ್ನು ಒಂದು ಸಂಜೆಗೆ ನಂಬಬೇಕಿತ್ತೇ? ರಾತ್ರಿಯಿಂದಲೇ ಹಣೆಯಲ್ಲಿ ಸುತ್ತಿಗೆ. ಸಿಟ್ಟಿಗೆ ಎಂದುಕೊಂಡೆ.

ನಾಲ್ಕಕ್ಕೆ ಹೊರಟೆವು. ಹಿಮ ಗಟ್ಟಿಯಿತ್ತು, ಕನ್ನಡಕ ಇತ್ತು, ನೀರು ಇತ್ತು. ಹತ್ತೂವರೆಗೆ ಸರ್ವೇಶ್ ಪಕ್ಕಕ್ಕೆ ತಿರುಗಿ ವಾಂತಿ ಮಾಡಿದ. "ಪರಾಠ ಮೇಡಂ, ಢಾಬಾದ ಪರಾಠ, ಬೇರೇನಲ್ಲ" ಎಂದ. ನಾನು ಡೋರಾ ಬಿಚ್ಚಿ ಹಾಸಿದೆ. ನಿಮ್ಮ ಮಾತು ಸುಳ್ಳೆಂದು ತೋರಿಸಲಿಕ್ಕೆ ಹಾಸಿದ್ದು, ತಿಳಿದುಕೊಳ್ಳಿ. ಕಾಂತಾ ನಡೆದಳು, ಸೆರಗು ಹಿಡಿದ ಮದುವೆಮನೆಯ ಹೆಂಗಸಿನ ಹಾಗೆ ನೆಟ್ಟಗೆ. ಸರ್ವೇಶ್ ಕೈ ಚಾಚಿಕೊಂಡು ಹೇಗೋ ನಡೆದ. ನಾನು ಚಪ್ಪಾಳೆ ತಟ್ಟಿದೆ.

"ಈಗ ನೀವು" ಎಂದಳು ಕಾಂತಾ.

"ನಾನ್ಯಾಕೆ? ನಾನ್ ಈ ಬೆಟ್ಟದಲ್ಲೇ ಹುಟ್ಟಿದೋಳು."

"ಹಗ್ಗಕ್ಕೇನ್ ಗೊತ್ತು? ನಡೀರಿ."

ಮೂರನೇ ಹೆಜ್ಜೆಗೆ ಹಗ್ಗ ಎಡಕ್ಕೆ ಹೋಯಿತು. ಹೋದದ್ದು ಹಗ್ಗವಲ್ಲ, ನಾನು. ಮತ್ತೆ ನಿಂತೆ, ಮತ್ತೆ ಬಿದ್ದೆ. ಮೂರನೇ ಸಲ ಕಾಂತಾ ಬಂದು ನನ್ನ ಮುಖ ಹಿಡಿದಳು. ತುಟಿ ನೀಲಿಯಾಗಿತ್ತಂತೆ. ಕಲ್ಲುಗುಪ್ಪೆ ಕಾಣುತ್ತಿತ್ತು. ಕೂಗಿದರೆ ಕೇಳುವಷ್ಟು ಹತ್ತಿರ. ಅವಳಿಗೆ ಬೈದೆ, ಆಡಬಾರದ ಮಾತಿನಲ್ಲೆಲ್ಲ ಬೈದೆ. ಅವಳು ಅಪ್ಪನ ಡೋರಾದ ಒಂದು ತುದಿಯನ್ನು ನನ್ನ ಸೊಂಟಕ್ಕೂ ಇನ್ನೊಂದನ್ನು ತನ್ನ ಸೊಂಟಕ್ಕೂ ಬಿಗಿದು ಕೆಳಗೆ ಎಳೆದಳು. ಸರ್ವೇಶ್ ನನ್ನ ಚೀಲ ಹೊತ್ತು ಹಿಂದೆ ಬಂದ. ಹುಲ್ಲು ಕಾಲಿಗೆ ತಾಗುವ ಹೊತ್ತಿಗೆ ಹಣೆಯ ಸುತ್ತಿಗೆ ನಿಂತಿತ್ತು. ಅಷ್ಟೇ. ಒಂದಿಷ್ಟು ಇಳಿದರೆ ಸಾಕಿತ್ತು. ಅಪ್ಪನಿಗೂ.

ಇದು ಧನ್ಯವಾದದ ಕಾಗದವಲ್ಲ. ಅಮ್ಮ ಪ್ರತಿ ವರ್ಷ ಮಂದೆ ಹೊರಡುವ ತಿಂಗಳಲ್ಲಿ ಹೊಸ್ತಿಲ ಮೇಲೆ ಒಂದು ಕಲ್ಲಿಟ್ಟು, ಹಿಟ್ಟು ಹಚ್ಚಿ, "ಇನ್ನ್ಯಾರ್ ಮೇಲೂ ಬೀಳ್ಬೇಡಪ್ಪಾ" ಎಂದು ಬೇಡಿಕೊಳ್ಳುತ್ತಿದ್ದಳು. ನೀವು ಬಾಗಿಲಲ್ಲಿ ನಿಂತು ನೋಡುತ್ತಿದ್ದಿರಿ. ಒಂದು ವರ್ಷ ಅವಳಿಗೆ ಕೈಲಾಗದಿದ್ದಾಗ ಆ ಕಲ್ಲನ್ನು ಹೊಳೆಯಿಂದ ತಂದುಕೊಟ್ಟವರು ನೀವೇ. ನಾನು ಮರೆತಿಲ್ಲ. ಅವಳು ಹಾಗೇ ನಂಬಿಕೊಂಡು ಸತ್ತಳು. ನಾನು ಹೆಲ್ಮೆಟ್ ಕೊಂಡೆ, ದೊಡ್ಡಪ್ಪಾ! ನಿಮ್ಮ ಸುಳ್ಳನ್ನು ನಂಬಿ, ಬೀಳದ ಕಲ್ಲಿಗೆ ಹೆಲ್ಮೆಟ್ ಕೊಂಡೆ!

ಉತ್ತರ ಬರೆಯಬೇಡಿ.

ಜಿಂದೋ


ಬನೇರಿ
೧೫ ಅಕ್ಟೋಬರ್ ೧೯೯೬

ಮಗಳೇ,

ಬರೆಯಬೇಡ ಎಂದಿದ್ದೀಯ. ಇದು ಉತ್ತರವಲ್ಲ, ವರದಿ.

ಮಂದೆಗಳೆಲ್ಲ ಇಳಿದು ಬಂದ ಮೇಲೆ ಊರು ಸೇರಿತ್ತು. ಎದ್ದು ನಿಂತು ಹೇಳಿದೆ. ನೋಖುವಿನ ಮೇಲೆ ಕಲ್ಲು ಬೀಳಲಿಲ್ಲ, ನಾನು ಅವನ ದಿನ ಎಣಿಸಲಿಲ್ಲ. ಫುಲ್ಲೂನ ಅಪ್ಪ ಎದ್ದುಹೋದ. ಹೋಗುವಾಗ "ನನ್ ಭಾವ್ನೂ ಹಂಗೇ ಗುಳುಗುಳು ಅಂದೇ ಹೋಗಿದ್ದು ಕಣೋ, ನಾವು ಚಳಿ ಅಂದ್ವಿ" ಎಂದ. ಇನ್ನೊಬ್ಬ, ತನ್ನ ಚಿಕ್ಕಪ್ಪನಿಗೂ ಕಲ್ಲೇ ಬಿದ್ದಿತ್ತು ಎಂದು ಹೇಳಿ ತಲೆ ತಗ್ಗಿಸಿದ. ನಮ್ಮ ಜೋತ್ ಅಷ್ಟೊಂದು ಕಲ್ಲು ಎಸೆಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ನಿನ್ನ ಸಿಟ್ಟನ್ನು ಇಳಿಸು ಎಂದು ಕೇಳುವುದಿಲ್ಲ. ಮುಂದಿನ ಜೂನ್‌ನಲ್ಲಿ ಎಂಟು ದಿನ ಸಿಕ್ಕರೆ, ಹುಲ್ಲುಗಾವಲಿನಲ್ಲಿ ಒಲೆ ನಾನು ಹಚ್ಚುತ್ತೇನೆ.

ರಸಾಲು


ಪಾಲಂಪುರ
೨೪ ಮೇ ೧೯೯೭

ಜೂನ್ ಎಂಟಕ್ಕೆ ಹುಲ್ಲುಗಾವಲು. ನಾನು ಮತ್ತು ಕಾಂತಾ. ಸರ್ವೇಶ್ ಒಲ್ಲೆ ಎಂದ. ಹತ್ತು ದಿನದ ರಜೆ ಕೇಳಿದಾಗ ಹೆಡ್ ಮಾಸ್ಟರು "ಅಷ್ಟೊಂದ್ ದಿನ ಅಲ್ಲೇನಮ್ಮಾ ಕೆಲ್ಸ?" ಎಂದರು. "ಕೂರೋದು" ಎಂದೆ.

ಕ್ಷಮಿಸಿಲ್ಲ.

ಜಿಂದೋ


ಹುಲ್ಲುಗಾವಲು
೫ ಜೂನ್ ೧೯೯೭

ಜಿಂದೋ ಮಗಳೇ,

ಇದನ್ನು ಜೀಪಿನವನ ಕೈಯಲ್ಲಿ ಕೊಟ್ಟಿರುತ್ತೇನೆ, ಕೆಳಗಿನ ಊರಲ್ಲಿ ಇಳಿದಾಗ ನಿನಗೆ ಕೊಡುತ್ತಾನೆ. ಅಲ್ಲಿ ಒಂದು ರಾತ್ರಿ ತಂಗಿಯೇ ಬಾ, ನಡೆಯುವಾಗ ಓಡಬೇಡ. ಜೋಳದ ಹಿಟ್ಟು, ಉಪ್ಪು, ಚಹಾ ಎಲ್ಲ ಇದೆ. ಕಾಂತಾ ಟೀಚರಿಗೆ ಬೇರೆ ಕಂಬಳಿ ಇಟ್ಟಿದ್ದೇನೆ. ಆಕೆಯ ಕಾಲು ಮುಟ್ಟಬೇಕು ನಾನು.

ದಿನಕ್ಕೊಂದು ಗೀಟು ಹಾಕಲು ಬಂಡೆಯ ಮೇಲೆ ಇದ್ದಿಲಿನಲ್ಲಿ ಮೂರು ಸಾಲು ಎಳೆದಿದ್ದೇನೆ, ನನಗೊಂದು, ನಿನಗೊಂದು, ಆಕೆಗೊಂದು. ನಾನು ನಿನಗಿಂತ ಮೊದಲೇ ಬಂದಿದ್ದೇನೆ, ಆದರೆ ನನ್ನ ದಿನ ನಿನ್ನ ಲೆಕ್ಕಕ್ಕೆ ಬರುವುದಿಲ್ಲ. ನೀನು ಕಾಲಿಟ್ಟ ದಿನವೇ ನಿನ್ನ ಮೊದಲ ಗೀಟು.

ನಿನ್ನೆ ಫುಲ್ಲೂ ಮಂದೆ ಹೊಡೆದುಕೊಂಡು ಬಂದ. ಒಬ್ಬನೇ ಕೂತ ನನ್ನನ್ನು ನೋಡಿ, ಪದ್ಧತಿಯಂತೆ ಕೇಳಿದ. "ಏನಣ್ಣಾ, ಕುರಿ ಮೇಯ್ತಾ ಇದ್ಯಾ?"

"ನನ್ ಹತ್ರ ಕುರಿ ಎಲ್ಲಿದೆ? ತಮ್ಮನ ಮಗಳ ಉಸಿರು ಕೂರ್ಬೇಕು, ಅದಕ್ಕೆ ಕಾಯ್ತಿದ್ದೀನಿ. ಆ ಮೇಲಿಂದಕ್ಕೆ ಹೆದರಿ ಕಾಯ್ತಿದ್ದೀನಿ" ಎಂದೆ, ಜೋತ್‌ಗೆ ಕೇಳುವ ಹಾಗೆ, ಜೋರಾಗಿ.

ಫುಲ್ಲೂ ನನ್ನ ಬಾಯಿಗೆ ಕೈ ಅಡ್ಡ ಹಿಡಿದ. ಇಬ್ಬರೂ ಮೇಲೆ ನೋಡಿದೆವು. ಮೋಡ ಎಂದಿನಂತೆ ಬಂತು, ಎಂದಿನಂತೆ ಹೋಯಿತು. ಸ್ವಲ್ಪ ಹೊತ್ತಿಗೆ ಅವನೂ ಬಂಡೆಯ ಹತ್ತಿರ ಹೋಗಿ ತನ್ನದೊಂದು ಗೀಟು ಎಳೆದ.

ಕ್ಷಮಿಸಿಲ್ಲ ಎಂದು ಬರೆದಿದ್ದೀಯ. ಸರಿ. ಎಂಟು ದಿನ ಇದೆ ಮಗಳೇ, ಬೈಯುವುದನ್ನೆಲ್ಲ ಬೈದು ಮುಗಿಸು. ನಾನು ಎಲ್ಲಿಗೂ ಎದ್ದುಹೋಗುವುದಿಲ್ಲ. ಒಂಬತ್ತನೇ ಬೆಳಗ್ಗೆ ಮಾತ್ರ ಮಾತಾಡಬೇಡ. ಹತ್ತುವಾಗ ಉಸಿರು ಪೂರ್ತಿ ಬೇಕು.

ನಿನ್ನ ದೊಡ್ಡಪ್ಪ